ಘಟದ ಸಸಿಗೆ ಬಂದ ಕುಂಕುಮ

ಕಳೆದ ನವರಾತ್ರಿಯ ಹಿಂದಿನ ದಿನ ಮಲಾಡ್ ಸ್ಟೇಷನ್ನಿನ ಹೊರಗೆ ಹೂ ಕೊಳ್ಳಲು ನಿಂತಿದ್ದೆ. ಪಕ್ಕದಲ್ಲಿ ಒಬ್ಬಾಕೆ ಪುಟ್ಟ ಬಿದಿರಿನ ಬುಟ್ಟಿಗಳಲ್ಲಿ ಮೊಳೆಸಿದ ಗೋಧಿಯ ಸಸಿ ಮಾರುತ್ತಿದ್ದಳು. ಮಣ್ಣು ತಂದು, ಕಾಳು ಬಿತ್ತಿ, ಒಂಬತ್ತು ದಿನ ಕಾಯುವಷ್ಟು ಪುರುಸೊತ್ತು ಈಗ ಯಾರಿಗಿದೆ? ಆಗತಾನೆ ನೀರು ಚಿಮುಕಿಸಿದ ಮಣ್ಣು, ಅದರ ಮೇಲೆ ಎಳೆಗೋಧಿಯ ಹಸಿ ವಾಸನೆ. ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಒಂದು ಬುಟ್ಟಿಯ ಎಲೆಗಳನ್ನು ಮಗುಚಿ ನೋಡತೊಡಗಿತು.

"ಕ್ಯಾ ದೇಖ್ ರಹೀ ಹೋ, ಮೌಸಿ? ಕೀಡಾ ನಹೀ ಹೈ," ಅಂದಳು ಆಕೆ.

ನಾನು ಹುಡುಕುತ್ತಿದ್ದದ್ದು ಹುಳುವನ್ನಲ್ಲ. ಆದರೆ ಅದನ್ನು ಅವಳಿಗೆ ಹೇಗೆ ಹೇಳಲಿ? ಬೇಡದಿದ್ದರೂ ಒಂದು ಬುಟ್ಟಿ ಕೊಂಡು ಮನೆಗೆ ಬಂದೆ. ಇಷ್ಟು ವರ್ಷಗಳಾದರೂ ಆ ದಿನದ ನಡುಕ ಮೈಯಲ್ಲಿ ಹಾಗೇ ಉಳಿದಿದೆ.

ಬಾಂಗ್ಲಾದೇಶದ ಯುದ್ಧ ನಡೆದ ವರ್ಷ ಅದು. ನಾನು ಬಿ.ಎ. ಮುಗಿಸಿ, ಟೈಪಿಂಗ್ ಕಲಿತು ಎಲ್ಲಾದರೂ ಕೆಲಸ ಹಿಡಿಯೋಣವೆಂದು ಮೈಸೂರಿನಿಂದ ಬೊಂಬಾಯಿಗೆ ಬಂದಿದ್ದೆ. ಅಣ್ಣ ಶೀನಣ್ಣ ಮತ್ತು ವಿಮಲತ್ತಿಗೆ ಮಲಾಡಿನ ಒಂದು ಚಾಳಿನ ಎರಡನೆಯ ಮಹಡಿಯಲ್ಲಿದ್ದರು. ಒಂದೂವರೆ ಕೋಣೆ, ಮುಂದೆ ಎಲ್ಲರ ಬಾಗಿಲನ್ನೂ ಹಾದುಹೋಗುವ ಉದ್ದನೆಯ ಗ್ಯಾಲರಿ, ಅದರ ಕೊನೆಯಲ್ಲಿ ನಳ. ಮಳೆಗಾಲ ಮುಗಿಯುತ್ತ ಬಂದಿದ್ದರೂ ಗೋಡೆಗಳು ಇನ್ನೂ ಬೆವರುತ್ತಿದ್ದವು. ಒಗೆದ ಬಟ್ಟೆ ಎರಡು ದಿನವಾದರೂ ಒಣಗುತ್ತಿರಲಿಲ್ಲ.

ಶೀನಣ್ಣನಿಗೆ ಅಂಧೇರಿಯ ಒಂದು ಸಂಶೋಧನಾ ಕೇಂದ್ರದಲ್ಲಿ ಕೆಲಸ. ಗೋಧಿಗೆ ಬರುವ ತುಕ್ಕು ರೋಗದ ಮೇಲೆ ಅವನ ಅಧ್ಯಯನ. ಹಸಿರು ಗೋಧಿಯ ಎಲೆ ಮತ್ತು ದಂಟಿನ ಮೇಲೆ ಬೊಕ್ಕೆ ಎದ್ದು, ಒಡೆದು, ಇಟ್ಟಿಗೆ ಬಣ್ಣದ ಪುಡಿ ಹೊರಬರುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ ಕಾಣುತ್ತದೆಂದು ಆ ಹೆಸರು. ಆ ಪುಡಿಯ ಒಂದೊಂದು ಕಣವೂ ಶಿಲೀಂಧ್ರದ ಬೀಜ. ಗಾಳಿ ಹಿಡಿದು ಒಂದು ಸೀಮೆಯಿಂದ ಇನ್ನೊಂದು ಸೀಮೆಗೆ ಹೋಗುತ್ತದೆ. ಬಿದ್ದ ಕಡೆ ದಂಟು ಸೀಳುತ್ತದೆ, ತೆನೆ ಜೊಳ್ಳಾಗುತ್ತದೆ. ಆ ವರ್ಷ ತಮಿಳುನಾಡಿನ ಬೆಟ್ಟಗಳ ಕಡೆಯಿಂದ ಒಂದು ಹೊಸ ಬಗೆಯ ತುಕ್ಕನ್ನು ತರಿಸಿ, ತಂಪು ಕೋಣೆಯೊಂದರಲ್ಲಿ ಸಸಿಗಳ ಮೇಲೆ ಸಾಕುತ್ತಿದ್ದರು. ಆಗ ಎಲ್ಲ ಕಡೆ ಬಿತ್ತುತ್ತಿದ್ದ ಗಿಡ್ಡ ಗೋಧಿಯ ತಳಿಗಳು ಇದನ್ನು ತಡೆದುಕೊಳ್ಳುವುದೇ ಇಲ್ಲ ಎಂದು ಶೀನಣ್ಣ ಅನ್ನುತ್ತಿದ್ದ.

"ಅಂಥದ್ದನ್ನ ಊರೊಳಗೆ ಯಾಕೆ ಇಟ್ಕೊಂಡಿದ್ದೀರಿ?" ಎಂದು ಒಮ್ಮೆ ಊಟಕ್ಕೆ ಕೂತಾಗ ಕೇಳಿದ್ದೆ.

"ಊರೊಳಗೆ ಅಂತಲೇ ಕಣೆ. ಹಳ್ಳಿ ಕಡೆ ಇಟ್ರೆ ಸುತ್ತ ಹೊಲ. ಬೊಂಬಾಯಲ್ಲಿ ಗೋಧಿ ಎಲ್ಲಿ ಬೆಳೆಯುತ್ತೆ? ತಪ್ಪಿಸಿಕೊಂಡ್ರೂ ಉಪವಾಸ ಬಿದ್ದು ಸಾಯುತ್ತೆ."

ಅವನ ಮೇಲಿನವರೆಲ್ಲ ಹಾಗೇ ನಂಬಿದ್ದರು. ಓದಿದವರು, ಅನುಭವಸ್ಥರು. ನನಗೂ ಅದು ಸರಿಯೆಂದೇ ತೋರಿತು.

ನಮ್ಮ ಪಕ್ಕದ ಕೋಣೆಯಲ್ಲಿ ಗಂಗವ್ವ ಮತ್ತು ಬಸಪ್ಪ ಇದ್ದರು. ಬಿಜಾಪುರದ ಕಡೆಯವರು. ಬಸಪ್ಪ ಗೌಂಡಿ, ಗಾರೆ ಕೆಲಸದವನು. ಅಂಧೇರಿಯಲ್ಲಿ ಏಳುತ್ತಿದ್ದ ಒಂದು ದೊಡ್ಡ ಬಿಲ್ಡಿಂಗಿನಲ್ಲಿ ಅವನ ಕೆಲಸ. ಗಂಗವ್ವ ನೇಕಾರರ ಮನೆಯ ಮಗಳು. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳಿದ್ದಿರಬೇಕು. ಎರಡು ಸಲ ಬಸಿರಾಗಿ ಇಳಿದುಹೋಗಿತ್ತು. ಈಗ ಏಳು ತಿಂಗಳು ತುಂಬಿತ್ತು. ಅವಳ ಅತ್ತೆ ನೀಲವ್ವ ಹಿರಿಯ ಮಗನೊಡನೆ ಧಾರಾವಿಯಲ್ಲಿದ್ದಳು. ಬಿತ್ತನೆಗೆ ಮತ್ತು ಸುಗ್ಗಿಗೆ ಮಾತ್ರ ಊರಿಗೆ ಹೋಗಿ ಹೊಲ ನೋಡಿಕೊಂಡು ಬರುತ್ತಿದ್ದಳು.

ನವರಾತ್ರಿ ಬಂತು. ನಾವು ಮೈಸೂರಿನವರು ಟ್ರಂಕಿನ ಮೇಲೆ ಪಂಚೆ ಹಾಸಿ ಪಟ್ಟದ ಗೊಂಬೆಗಳನ್ನು ಕೂರಿಸಿದೆವು. ಗಂಗವ್ವನ ಮನೆಯಲ್ಲಿ ಘಟ ಹಾಕಿದರು. ಪತ್ರಾವಳಿಯ ಮೇಲೆ ಮಣ್ಣು, ಮಣ್ಣಿನಲ್ಲಿ ಗೋಧಿ, ನಡುವೆ ನೀರು ತುಂಬಿದ ಗಡಿಗೆ, ಪಕ್ಕದಲ್ಲಿ ಆರದ ದೀಪ. ಅಂಥದ್ದನ್ನು ನಾನು ನೋಡಿದ್ದು ಅದೇ ಮೊದಲು. ದಿನದಿನಕ್ಕೂ ಸಸಿ ಎಷ್ಟು ಎದ್ದಿತೆಂದು ನೋಡುವುದೇ ಒಂದು ಸಂಭ್ರಮವಾಯಿತು. "ನಿಮ್ಮ ಗೊಂಬಿ ಮಾತಾಡಂಗಿಲ್ಲ, ಬೆಳಿಯಂಗಿಲ್ಲ," ಎಂದು ಅವಳು ನನ್ನನ್ನು ಕಾಡುತ್ತಿದ್ದಳು. "ನಮ್ಮ ತಾಯಿ ನೋಡ ತಂಗಿ, ದಿನಾ ಒಂದು ಬಟ್ಟ ಏಳತಾಳ," ಎಂದು ಬೆರಳು ಅಡ್ಡ ಹಿಡಿದು ಅಳತೆ ತೋರಿಸುತ್ತಿದ್ದಳು.

ಹಬ್ಬದ ನಡುವೆ ಶೀನಣ್ಣ ತನ್ನ ಕೆಲಸದ ಬಿಳಿ ಕೋಟನ್ನು ಪೇಪರಿನಲ್ಲಿ ಸುತ್ತಿ ಮನೆಗೆ ತಂದ. ಅದನ್ನು ಕೇಂದ್ರದಲ್ಲೇ ಬಿಚ್ಚಿಟ್ಟು ಬರಬೇಕು, ಅಲ್ಲಿಯ ಧೋಬಿಯೇ ಕುದಿಸಿ ಒಗೆಯಬೇಕು ಎಂಬುದು ನಿಯಮ. ಆದರೆ ಧೋಬಿ ಹಬ್ಬಕ್ಕೆ ಊರಿಗೆ ಹೋಗಿದ್ದ. "ಬಿಸಿನೀರಿಗೆ ಹಾಕಿಬಿಡು ವಿಮಲಾ," ಎಂದು ಹೇಳಿ, ಶೀನಣ್ಣ ಮಾರನೆಯ ದಿನ ಕೆಲಸದ ಮೇಲೆ ಉತ್ತರದ ಕಡೆ ಪ್ರವಾಸ ಹೊರಟುಹೋದ. ಅತ್ತಿಗೆ ಯಾವ ಬಟ್ಟೆಗಾದರೂ ಮಾಡುವಂತೆ ಅದನ್ನು ಗ್ಯಾಲರಿಯಲ್ಲಿ ಎರಡು ಸಲ ಚೆನ್ನಾಗಿ ಕೊಡವಿ, ಆಮೇಲೆ ನೆನೆಹಾಕಿದರು. ಗಂಗವ್ವನ ಬಾಗಿಲು ತೆರೆದಿತ್ತು.

ದಸರೆಯ ದಿನ ಚಾಳಿನ ಉಳಿದವರೆಲ್ಲ ತಮ್ಮ ಘಟಗಳನ್ನು ನೀರಿಗೆ ಬಿಟ್ಟರು. ಗಂಗವ್ವನ ಮನೆಯಲ್ಲಿ ಮಾತ್ರ ಸೀಗಿ ಹುಣ್ಣಿಮೆಯ ತನಕ ಇಟ್ಟುಕೊಳ್ಳುವ ಪದ್ಧತಿ. ಹುಣ್ಣಿಮೆಗೆ ಎರಡು ದಿನವಿರುವಾಗ ಬೆಳಿಗ್ಗೆ ಅವಳು ನಮ್ಮ ಬಾಗಿಲಿಗೆ ಬಂದು ನಿಂತಳು. ಅತ್ತಿಗೆಯ ಕೈ ಹಿಡಿದು ಎಳೆದುಕೊಂಡು ಹೋದಳು.

"ನೋಡ್ರಿ ಅಕ್ಕಾರ. ತಾಯಿ ಕುಂಕುಮ ಕೊಟ್ಟಾಳ."

ನಿಜವಾಗಿಯೂ ಸಸಿಗಳ ಮೇಲೆ ಕೆಂಪು ಪುಡಿ ಇತ್ತು. ಬೆರಳು ತಾಗಿಸಿದರೆ ಅಂಟಿಕೊಳ್ಳುತ್ತಿತ್ತು. ಸುದ್ದಿ ಗ್ಯಾಲರಿಯ ಈ ತುದಿಯಿಂದ ಆ ತುದಿಗೆ ಹೋಯಿತು. ಎರಡು ದಿನ ಹೆಂಗಸರು ಬರುತ್ತಲೇ ಇದ್ದರು. ಮರಾಠಿಯವರು, ಗುಜರಾತಿಯವರು, ಕೆಳಮಹಡಿಯ ತುಳುವರು. ಎಲ್ಲರೂ ಆ ಪುಡಿಯನ್ನು ಹಣೆಗೆ ಹಚ್ಚಿಕೊಂಡರು. ಅತ್ತಿಗೆ ಹಚ್ಚಿಕೊಂಡರು. ನಾನೂ ಹಚ್ಚಿಕೊಂಡೆ. ಗಂಗವ್ವ ದಿನಾ ಒಂದು ಬೊಟ್ಟನ್ನು ಹೊಟ್ಟೆಗೂ ಹಚ್ಚಿಕೊಳ್ಳುತ್ತಿದ್ದಳು. ಆವರೆಗೆ ಅವಳು ಅಷ್ಟು ನಿರಾಳವಾಗಿ ನಡೆದಾಡಿದ್ದನ್ನು ನಾನು ನೋಡಿರಲಿಲ್ಲ. ಹುಣ್ಣಿಮೆಯ ಮುನ್ನಾದಿನ ನೀಲವ್ವ ಧಾರಾವಿಯಿಂದ ಬಂದು, ಸಸಿಗಳಿಗೆ ಅಡ್ಡಬಿದ್ದು, ಒಂದು ಹಿಡಿ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋದಳು. ಬಿತ್ತಿದ ಹೊಲದಲ್ಲಿ ಅದನ್ನು ಚೆಲ್ಲಿದರೆ ತಾಯಿಯೇ ಹೊಲ ಕಾಯುತ್ತಾಳೆಂದು ಅವರ ನಂಬಿಕೆ.

ಹುಣ್ಣಿಮೆಯ ಬೆಳಿಗ್ಗೆ ಶೀನಣ್ಣ ಪ್ರವಾಸದಿಂದ ಬಂದ. ಸ್ನಾನ ಮಾಡಿ ಕಾಫಿ ಕುಡಿಯುತ್ತಿದ್ದವನು ಅತ್ತಿಗೆಯ ಮುಖವನ್ನೇ ದಿಟ್ಟಿಸಿದ.

"ಇದೇನು ಹಣೆಗೆ? ಕುಂಕುಮದ ಬಣ್ಣ ಹೀಗಿರಲ್ವಲ್ಲ."

ಅತ್ತಿಗೆ ನಗುತ್ತ ಎಲ್ಲ ಹೇಳಿದರು. ಅವನು ನಗಲಿಲ್ಲ. ಲೋಟವನ್ನು ನೆಲಕ್ಕಿಟ್ಟ. ಅತ್ತಿಗೆಯ ಹಣೆಯನ್ನು ಹೆಬ್ಬೆರಳಿನಿಂದ ಒರೆಸಿ, ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಚೀಲದಿಂದ ಭೂತಗನ್ನಡಿ ತೆಗೆದುಕೊಂಡು, ಅಂಗಿಯನ್ನೂ ಹಾಕಿಕೊಳ್ಳದೆ ಪಕ್ಕದ ಮನೆಗೆ ಹೋದ. ನಾನು ಹಿಂದೆಯೇ ಹೋದೆ.

ಅವನು ಘಟದ ಮುಂದೆ ಮೊಣಕಾಲೂರಿ ಕೂತ. ಗಂಗವ್ವ ಅವನು ನಮಸ್ಕಾರ ಮಾಡುತ್ತಿದ್ದಾನೆಂದುಕೊಂಡು ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಸರಿದಳು. ಒಂದು ಎಲೆ ಮಗುಚಿದ. ಇನ್ನೊಂದು. ದಂಟಿನ ಬುಡ ನೋಡಿದ.

"ಗಂಗಮ್ಮ, ಇದಕ್ಕೆ ಏನು ಮಾಡ್ತಿದ್ರಿ? ನೀರು ಹ್ಯಾಗೆ ಹಾಕ್ತಿದ್ರಿ?"

"ಚಿಮಕಸ್ತಿದ್ನಿರಿ ಅಣ್ಣಾರ. ಸೆಕಿಗೆ ಒಣಗಬಾರದಂತ ರಾತ್ರಿ ಹಸಿ ಬಟ್ಟಿ ಮುಚ್ಚತಿದ್ನಿ."

ಶೀನಣ್ಣ ಕಣ್ಣು ಮುಚ್ಚಿಕೊಂಡ. ಆಮೇಲೆ ಅವನೇ ಹೇಳಿದ್ದು, ಅವರ ಕೋಣೆಯಲ್ಲೂ ಮಾಡುವುದು ಅದನ್ನೇ. ಪುಡಿ ಉದುರಿಸಿ, ನೀರು ಚಿಮುಕಿಸಿ, ರಾತ್ರಿಯಿಡೀ ಒದ್ದೆಯಲ್ಲಿ ಮುಚ್ಚಿಡುತ್ತಾರೆ. ನೂರಾರು ಮೈಲಿ ಆಚೆಗೂ ಈಗ ಹಸಿರು ಗೋಧಿ ಇಲ್ಲ, ಇದು ಬೇರೆಲ್ಲಿಂದಲೂ ಬಂದಿರಲು ಸಾಧ್ಯವಿಲ್ಲ. ಬೊಂಬಾಯಿಯಲ್ಲಿ ಗೋಧಿಯೇ ಇಲ್ಲ ಎಂದು ಬರೆದಿಟ್ಟಿದ್ದ ಅಷ್ಟೂ ಜನರಲ್ಲಿ ಒಬ್ಬರಿಗೂ ನವರಾತ್ರಿಯಲ್ಲಿ ಚಾಳುಚಾಳಿನಲ್ಲಿ ಗೋಧಿ ಮೊಳೆಯುತ್ತದೆಂಬುದು ನೆನಪಾಗಿರಲಿಲ್ಲ. ಗೊಂಬೆ ಕೂರಿಸುವ ಮನೆಯಲ್ಲಿ ಹುಟ್ಟಿದ ಶೀನಣ್ಣನಿಗಂತೂ ಅದು ಗೊತ್ತೇ ಇರಲಿಲ್ಲ.

ಗಂಗವ್ವನಿಗೆ ಅವನು ಹೇಗೆ ಹೇಳಿದನೆಂಬುದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ತಲೆಯೆತ್ತದೆ, ನೆಲ ನೋಡುತ್ತ, ಒಂದೊಂದೇ ಮಾತು ಹೆಕ್ಕಿ ಹೇಳಿದ. ಇದು ಬೆಳೆಯ ರೋಗ, ನಮ್ಮಲ್ಲಿಂದ ಬಂದದ್ದು, ನನ್ನ ಕೋಟಿನಿಂದ ಬಂದದ್ದು.

ಅವಳು ಘಟದ ಕಡೆ ತಿರುಗಿದಳು.

"ಅಂದ್ರ ಇದು ತಾಯಿ ಕೊಟ್ಟಿದ್ದಲ್ಲ?"

"ಅಲ್ಲಮ್ಮ."

"ನಾ ಹೊಟ್ಟಿಗಿ ಹಚ್ಚಿಕೊಂಡೀನ್ರಿ. ಕೂಸಿಗೆ ಏನರ..."

"ಏನೂ ಆಗಲ್ಲ. ಮನುಷ್ಯರಿಗೆ ಅಂಟೋ ರೋಗ ಅಲ್ಲ ಇದು. ನನ್ನ ಮಾತು ನಂಬು, ಕೂಸಿಗೆ ಏನೂ ಆಗಲ್ಲ. ಗೋಧಿಗೆ ಮಾತ್ರ."

ಅಷ್ಟು ಹೇಳಿದ ಮೇಲೆಯೇ ಅವನಿಗೆ ಪತ್ರಾವಳಿಯ ಒಂದು ಮೂಲೆಯಲ್ಲಿ ಸಸಿ ಕಿತ್ತ ಜಾಗ ಕಂಡದ್ದು. "ಇದೆಲ್ಲಿ ಹೋಯ್ತು?" ಅಂದ. ಗಂಗವ್ವನೂ ನಾನೂ ಒಬ್ಬರ ಮುಖ ಒಬ್ಬರು ನೋಡಿದೆವು. ನೀಲವ್ವ ಅದೇ ದಿನ ಸಂಜೆಯ ಸೊಲ್ಲಾಪುರದ ಗಾಡಿಗೆ ಊರಿಗೆ ಹೊರಡುವವಳಿದ್ದಳು. ಇನ್ನೇನು ಗೋಧಿ ಬಿತ್ತನೆ ಆಗಲಿದ್ದ ಹೊಲಕ್ಕೆ.

ಹಂಗಾಮಿನ ಮೊದಲಿಗೇ ಅದು ಅಲ್ಲಿ ಬಿದ್ದರೆ ಒಂದು ಹೊಲಕ್ಕೆ ನಿಲ್ಲುವುದಿಲ್ಲ, ಚಳಿಗಾಲವಿಡೀ ಹೊಲದಿಂದ ಹೊಲಕ್ಕೆ, ಊರಿಂದ ಊರಿಗೆ ಹಾರುತ್ತದೆ ಎಂದ ಶೀನಣ್ಣ. ಗಂಗವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಸಿಗಡಿ ಒಲೆಯ ಇದ್ದಿಲು ಕೆದಕಿ ಉರಿ ಮಾಡಿದಳು. ದೀಪವನ್ನು ಎತ್ತಿ ಬೇರೆ ಇಟ್ಟಳು. ಗಡಿಗೆಗೆ ಕೈಮುಗಿದು, ಸಸಿಗಳನ್ನು ಬೇರುಸಮೇತ ಕಿತ್ತು ತಾನೇ ಉರಿಗೆ ಹಾಕಿದಳು. ಹಸಿ ಗೋಧಿ ಚಿಟಚಿಟ ಅನ್ನುತ್ತ ಹೊಗೆ ಕೋಣೆ ತುಂಬಿತು. ಅವಳ ಕಣ್ಣಲ್ಲಿ ನೀರಿತ್ತು, ಹೊಗೆಗೋ ಮತ್ತೆ ಯಾತಕ್ಕೋ ನಾನು ಹೇಳಲಾರೆ.

"ನಮ್ಮ ಅತ್ತಿ ನಿಮ್ಮ ಮಾತ ಕೇಳಂಗಿಲ್ರಿ," ಅಂದಳು. "ನಾ ಬರ್ತೀನಿ."

ಬಸಪ್ಪ ಸ್ಲ್ಯಾಬಿನ ಕೆಲಸದಲ್ಲಿದ್ದ, ಕರೆಸಲು ದಾರಿಯಿರಲಿಲ್ಲ. ಚಾಳಿನ ಹೆಂಗಸರಿಗೆಲ್ಲ ತಲೆಗೆ ನೀರು ಹಾಕಿಕೊಂಡು ಸೀರೆ ಕುದಿಸಿ ಒಗೆಯುವಂತೆ ಹೇಳುವ ಕೆಲಸ ಅತ್ತಿಗೆಯ ಪಾಲಿಗೆ ಬಂತು. ನಾವು ಮೂವರೂ ಮೈತೊಳೆದು, ಒಗೆದ ಬಟ್ಟೆ ಉಟ್ಟು ಲೋಕಲ್ ಹಿಡಿದೆವು. ಶೀನಣ್ಣ ಬಿಗಿ ಮುಚ್ಚಳದ ಒಂದು ಬಿಸ್ಕತ್ತಿನ ಡಬ್ಬಿ ಹಿಡಿದುಕೊಂಡಿದ್ದ. ಮಾಹಿಮಿನಲ್ಲಿಳಿದು ಧಾರಾವಿಯ ಓಣಿಗಳಲ್ಲಿ ನಡೆದೆವು. ತೊಗಲು ಹದ ಮಾಡುವ ವಾಸನೆಗೆ ಗಂಗವ್ವನಿಗೆ ಎರಡು ಸಲ ವಾಂತಿಯಾಯಿತು. ಬಾಯಿ ತೊಳೆದುಕೊಂಡು ಮತ್ತೆ ನಡೆದಳು. ನೀಲವ್ವನ ಮನೆಗೆ ಬೀಗ ಬಿದ್ದಿತ್ತು. ಹಿರಿಯ ಮಗ ಅವಳನ್ನು ಗಾಡಿ ಹತ್ತಿಸಲು ದಾದರಿಗೆ ಕರೆದುಕೊಂಡು ಹೋಗಿದ್ದಾನೆಂದು ಎದುರುಮನೆಯವರು ಹೇಳಿದರು.

ದಾದರಿನ ಪ್ಲಾಟ್‌ಫಾರ್ಮಿನಲ್ಲಿ ಗಂಟುಮೂಟೆಗಳ ನಡುವೆ ನೀಲವ್ವ ಕೂತಿದ್ದಳು. ಎತ್ತರದ, ಒಣಕಲು ಮೈಯ ಮುದುಕಿ. ಮಡಿಲಲ್ಲಿ ಆ ಒದ್ದೆ ಬಟ್ಟೆಯ ಗಂಟು ಇತ್ತು. ಸೊಸೆ ಬಂದದ್ದು ನೋಡಿ ಮೊದಲು ಖುಷಿಪಟ್ಟಳು. ಇಂಥಾ ಮೈಯಾಗ ಯಾಕ ಬರಾಕ ಹೋದಿ ಎಂದು ಗದರಿದಳು.

ಶೀನಣ್ಣ ಮುಂದೆ ಹೋಗಿ ಕೈಮುಗಿದ. "ಅಮ್ಮ, ಆ ಸಸಿ ಹೊಲಕ್ಕೆ ಹಾಕಬಾರದು. ಅದಕ್ಕೆ ರೋಗ ಇದೆ. ನನಗೆ ಕೊಟ್ಟುಬಿಡಿ."

"ಯಾರಪಾ ನೀ? ದೇವರ ಸಸಿಗೆ ರೋಗ ಅಂತೀಯೇನ?"

"ನಾನು ಅದೇ ಕೆಲಸ ಮಾಡೋನು. ಅದು ಕುಂಕುಮ ಅಲ್ಲ. ತುಕ್ಕು, ಬೆಳೆಗೆ ಬರೋ ತುಕ್ಕು."

"ತುಕ್ಕ ನಾ ನೋಡಿಲ್ಲೇನು? ಹೊಲದಾಗ ಬರತೈತಿ, ದೇವರ ಮುಂದ ಬರತೈತೇನು?" ನೀಲವ್ವ ಗಂಟನ್ನು ಎದೆಗೆ ಒತ್ತಿ ಹಿಡಿದಳು. ಹಿರಿಯ ಮಗ ಎದ್ದು ಅಡ್ಡ ನಿಂತ. ಸುತ್ತ ಕೂತಿದ್ದ ಅವರ ಕಡೆಯ ಜನ ತಿರುಗಿ ನೋಡತೊಡಗಿದರು. ಶೀನಣ್ಣ ಇಂಗ್ಲಿಷು, ಹಿಂದಿ, ಮೈಸೂರು ಕನ್ನಡ ಎಲ್ಲ ಬೆರೆಸಿ ಏನೇನೋ ವಿವರಿಸುತ್ತಿದ್ದ. ಯಾರಿಗೂ ಅದು ಬೇಕಿರಲಿಲ್ಲ. ಅಷ್ಟರಲ್ಲಿ ಗಾಡಿ ಒಳಗೆ ಬಂತು. ಜನ ನುಗ್ಗಿದರು. ನೀಲವ್ವ ಏಳತೊಡಗಿದಳು.

ಆಗ ಗಂಗವ್ವ ಶೀನಣ್ಣನನ್ನು ಪಕ್ಕಕ್ಕೆ ಸರಿಸಿ ಅತ್ತೆಯ ಮುಂದೆ ನಿಂತಳು.

"ಅತ್ತೀ, ಅವರು ನನ್ನ ಮರ್ಯಾದಿ ಕಾಯಾಕ ಹಂಗ ಹೇಳಾಕ್ಹತ್ಯಾರ. ಘಟಕ್ಕ ಮೈಲಿಗಿ ಆಗೇತಿ. ನನ್ನಿಂದ."

ನೀಲವ್ವ ಅಲ್ಲೇ ನಿಂತಳು.

"ಚಾಳಿನ್ಯಾಗ ಒಂದು ಸಾವ ಆಗಿತ್ತು. ನಾ ಆ ಮನಿಗೆ ಹೋಗಿ ಬಂದು, ಜಳಕ ಮಾಡದ ಘಟಕ್ಕ ನೀರ ಹಾಕಿದ್ನಿ. ಅದಕ್ಕ ಕೆಂಪಾಗೇತಿ. ಅದು ಹೊಲಕ್ಕ ಹೋಗಬಾರದು. ಕೊಟ್ಟ ಬಿಡ್ರಿ."

ನಮ್ಮ ಚಾಳಿನಲ್ಲಿ ಯಾರೂ ಸತ್ತಿರಲಿಲ್ಲ. ನಾನು ಬಾಯಿ ತೆರೆದೆ, ಗಂಗವ್ವ ನನ್ನ ಕೈ ಹಿಂಡಿದಳು. ಆ ಹಿಡಿತಕ್ಕೆ ಬಳೆಯೊಂದು ಒಡೆದು ನನ್ನ ಮಣಿಕಟ್ಟಿಗೆ ಚುಚ್ಚಿತು.

ಶೀನಣ್ಣನ ಅಷ್ಟು ವಿವರಣೆಗೆ ಜಗ್ಗದ ಮುದುಕಿ ಈ ಮಾತನ್ನು ಒಂದು ಕ್ಷಣವೂ ಅನುಮಾನಿಸಲಿಲ್ಲ. ಗಂಟನ್ನು ಕೆಂಡ ಹಿಡಿದಿದ್ದಂತೆ ಕೈಬಿಟ್ಟಳು. ಅದು ಪ್ಲಾಟ್‌ಫಾರ್ಮಿನ ಮೇಲೆ ಬಿತ್ತು. ಪಕ್ಕದಲ್ಲಿದ್ದ ಹೆಂಗಸರು ಸೀರೆ ಎತ್ತಿ ಹಿಡಿದು ಹಿಂದಕ್ಕೆ ಸರಿದರು. ಶೀನಣ್ಣ ಬಗ್ಗಿ ಅದನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ. ಬಟ್ಟೆಯಿಂದ ಏನಾದರೂ ಉದುರಿದೆಯೇ ಎಂದು ನೆಲವನ್ನೆಲ್ಲ ಒದ್ದೆ ಕರವಸ್ತ್ರದಿಂದ ಒರೆಸಿದ. ನೀಲವ್ವನ ಮಗ ಗಾಬರಿಯಿಂದ ಅವಳ ಕೈಗೆ, ಮಡಿಲಿಗೆ ಚೊಂಬಿನ ನೀರು ಸುರಿದ. ಮುದುಕಿ ಅಳುತ್ತಿದ್ದಳು. ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯಿತ್ತು ಆ ಅಳುವಿನಲ್ಲಿ.

"ಹೊಟ್ಟ್ಯಾಗ ಕೂಸ ಇಟ್ಕೊಂಡು ಸಾವಿನ ಮನಿಗೆ ಹ್ವಾದ್ಯಾ? ಅದಕ್ಕ ನೋಡ, ಎರಡು ನಿನಗ ದಕ್ಕಲಿಲ್ಲ," ಅಂದಳು. "ಇದೂ ದಕ್ಕೂದಿಲ್ಲ ಗಂಗೀ. ಬರದ ಇಟ್ಕೋ."

ಅವಳನ್ನು ಹತ್ತಿಸಿಕೊಂಡು ಗಾಡಿ ಹೊರಟಿತು. ನಾವು ಮೂವರೂ ಲೋಕಲಿನಲ್ಲಿ ಕೂತು ಮಲಾಡಿಗೆ ಬಂದೆವು. ಶೀನಣ್ಣ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ದಾರಿಯುದ್ದಕ್ಕೂ ಅವಳ ಮುಖವನ್ನೇ ನೋಡುತ್ತಿದ್ದ, ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಸಾಂತಾಕ್ರೂಜ್ ದಾಟಿದ ಮೇಲೆ ಅವನು, "ಯಾಕಮ್ಮ ಹಾಗೆ ಹೇಳಿದೆ?" ಎಂದು ಕೇಳಿದ.

"ಮತ್ತೇನ ಹೇಳಿದ್ರ ಕೊಡ್ತಿದ್ಳ್ರಿ?"

ಮರುದಿನ ಶೀನಣ್ಣ ಡಬ್ಬಿಯನ್ನು ಕೇಂದ್ರಕ್ಕೆ ಒಯ್ದು ಮೇಲಿನವರ ಮುಂದಿಟ್ಟ. ಅವರು ಮುಚ್ಚಳ ತೆಗೆಯಲೂ ಬಿಡದೆ ಎದ್ದು ಬಾಗಿಲು ಹಾಕಿದರಂತೆ. ಸಸಿಗಳೂ ಕುಂಡಗಳೂ ಎಲ್ಲ ಆವಿಯಲ್ಲಿ ಬೆಂದವು. ಆ ಹೊಸ ತುಕ್ಕನ್ನು ಮತ್ತೆ ಅಲ್ಲಿ ಸಾಕಲಿಲ್ಲ. ಈ ಮಾತು ಹೊರಗೆ ಹೋಗಬಾರದೆಂದು ಅವನಿಗೆ ಹೇಳಲಾಯಿತು. ಮನೆಗೆ ಬಂದವನು ಮೊದಲು ಮಾಡಿದ ಕೆಲಸವೆಂದರೆ ಬಸಪ್ಪನನ್ನು ಕೂರಿಸಿಕೊಂಡು ಎಲ್ಲ ಹೇಳಿದ್ದು. ಬಸಪ್ಪ ಹೆಂಡತಿಯನ್ನು ನಂಬಿದ. ಆದರೆ ಅವ್ವನಿಗೆ ಎದುರಾಡುವ ಗಟ್ಟಿತನ ಅವನಲ್ಲಿರಲಿಲ್ಲ. "ಕೂಸ ಆದ ಮ್ಯಾಲ ತಾನ ಸರಿ ಹೋಕ್ಕಾಳ ಬಿಡ್ರಿ," ಅಂದ.

ಯುದ್ಧ ಶುರುವಾಗಿ ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದ ದಿನಗಳಲ್ಲಿ ಗಂಗವ್ವನಿಗೆ ಹೆರಿಗೆ ನೋವು ಬಂತು. ಅವಳ ತೌರಿನವರು ಬರುವ ಹಾಗಿರಲಿಲ್ಲ. ಅತ್ತೆ ಬರಲಿಲ್ಲ. ಅತ್ತಿಗೆ ಮತ್ತು ನಾನು ಜೊತೆಗೆ ಹೋದೆವು. ಮುನ್ಸಿಪಾಲಿಟಿ ಆಸ್ಪತ್ರೆಯ ವರಾಂಡದಲ್ಲಿ ಶೀನಣ್ಣ ಕೂತಿದ್ದ ರೀತಿ ನೋಡಿ ನರ್ಸ್ ಅವನನ್ನೇ ಗಂಡನೆಂದುಕೊಂಡಳು. ಹೆಣ್ಣು ಕೂಸು. ತೂಕ ಕಡಿಮೆಯಿತ್ತು, ಆದರೆ ಅಳು ಜೋರಾಗಿತ್ತು. ಬಾಣಂತನವೆಲ್ಲ ಅತ್ತಿಗೆಯದೇ. ಊರಲ್ಲೇ ಉಳಿದುಬಿಟ್ಟಿದ್ದ ಮುದುಕಿಗೆ ಕಾಗದ ಹೋಯಿತು, ಉತ್ತರ ಬರಲಿಲ್ಲ.

ಜನವರಿಯ ಕೊನೆಯಲ್ಲಿ ಗೋಧಿ ತೆನೆ ಬಲಿಯುವ ಹೊತ್ತಿಗೆ ಶೀನಣ್ಣ ರಜೆ ಹಾಕಿ, ಬಸಪ್ಪನಿಂದ ದಾರಿ ಕೇಳಿಕೊಂಡು, ಒಬ್ಬನೇ ಅವರ ಊರಿಗೆ ಹೋದ. ಹೊಲದಿಂದ ಹೊಲಕ್ಕೆ ಬಗ್ಗಿ ನಡೆದು ನೋಡಿದ. ಊರವರು ಇವನಿಗೆ ಏನೋ ಆಗಿದೆ ಎಂದುಕೊಂಡರಂತೆ. ಆಮೇಲೆ ನೀಲವ್ವನ ಮನೆಗೆ ಹೋಗಿ, ಈ ಸಲ ಅವಸರವಿಲ್ಲದೆ, ಕೋಟಿನಿಂದ ಹಿಡಿದು ಎಲ್ಲವನ್ನೂ ಹೇಳಿದ. ಚಾಳಿನಲ್ಲಿ ಸಾವೇ ಆಗಿರಲಿಲ್ಲವೆಂದ. ತಪ್ಪು ನನ್ನದು, ನಿಮ್ಮ ಸೊಸೆಯದಲ್ಲ ಎಂದ. ಮೊಮ್ಮಗಳು ಬಂದಿದ್ದಾಳೆ, ನೋಡಲು ಬನ್ನಿ ಎಂದ.

ಅವಳು ಎಲ್ಲ ಕೇಳಿ, ಅವನಿಗೆ ರೊಟ್ಟಿ ಬಡಿಸಿದಳಂತೆ. "ಚಲೋ ಮಂದಿ ಅದೀರಿ," ಅಂದಳಂತೆ. "ನೆರಿಮನಿ ಹೆಣ್ಣಮಗಳ ಮಾನ ಉಳಸಾಕ ಇಷ್ಟು ದೂರ ಬಂದು ಸುಳ್ಳ ಹೇಳಾಕ್ಹತ್ತೀರಿ. ಯಾರ ಮಾಡ್ತಾರ ಇದನ್ನ?"

ಇದನ್ನು ಅವನು ವಾಪಸು ಬಂದು ಗಂಗವ್ವನ ಹೊಸ್ತಿಲ ಬಳಿ ನಿಂತು ಹೇಳಿದ. ಇಡೀ ಪ್ರಯಾಣದ ದಣಿವು ಅವನ ಮುಖದಲ್ಲಿತ್ತು. ನಿಜ ಹೇಳಿದರೆ ನಿಜಕ್ಕೆ ಬೆಲೆ ಸಿಕ್ಕೇ ಸಿಗುತ್ತದೆಂದು ನಂಬಿದ್ದವನು. ಆ ಮುದುಕಿಯ ಅಂಗಳದಲ್ಲಿ ಅವನಿಗೆ ಆದ ಆಘಾತ ಘಟದ ಮುಂದೆ ಆದದ್ದಕ್ಕಿಂತ ದೊಡ್ಡದೆಂದು ನನಗೆ ಅನ್ನಿಸಿತು. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಗಂಗವ್ವ ಕೂಸಿಗೆ ಎಣ್ಣೆ ಹಚ್ಚುತ್ತ ತಲೆ ಬಗ್ಗಿಸಿ ಕೇಳುತ್ತಿದ್ದಳು.

"ಗೋಧಿ ಹೆಂಗ ಐತ್ರಿ?" ಅಂದಳು.

ಶೀನಣ್ಣನಿಗೆ ತಕ್ಷಣ ಅರ್ಥವಾಗಲಿಲ್ಲ.

"ಹೊಲದಾಗಿನ ಗೋಧಿ. ಹೆಂಗ ಬಂದೈತಿ?"

"ಚೆನ್ನಾಗಿ ಬಂದಿದೆ. ಒಂದು ಎಲೆ ಮೇಲೂ ಇಲ್ಲ. ಸುತ್ತಮುತ್ತ ಯಾರ ಹೊಲದಲ್ಲೂ ಇಲ್ಲ."

ಅವಳು ತಲೆಯಾಡಿಸಿದಳು. ಗ್ಯಾಲರಿಯ ಕೊನೆಯಿಂದ ಯಾರೋ ನಳ ಬಂತೆಂದು ಕೂಗಿದರು. ಗಂಗವ್ವ ಎಣ್ಣೆಗೈಯನ್ನು ಸೀರೆಗೆ ಒರೆಸಿಕೊಂಡು, ಕೂಸನ್ನು ಶೀನಣ್ಣನ ಕೈಗೆ ಕೊಟ್ಟು, ಕೊಡ ಎತ್ತಿಕೊಂಡು ನೀರಿಗೆ ಹೋದಳು.